ದೋಣಿ ಕಟ್ಟುವವರ ದೇಶ

ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದಲ್ಲಿ ಗೆದ್ದವರ ಕೈಗೆ ಸಿಗುವುದು ಒಂದು ಹಳೆಯ ಬೆಳ್ಳಿ ಹೂಜಿ. ಅದಕ್ಕೆ ತಳವಿಲ್ಲ, ನೀರು ಹಾಕಿದರೆ ನಿಲ್ಲುವುದಿಲ್ಲ. ಈ ಹೂಜಿಗಾಗಿ ಸಾಫ್ಟ್‌ವೇರ್ ದೊರೆ ಲ್ಯಾರಿ ಎಲಿಸನ್, ಔಷಧೋದ್ಯಮದ ಎರ್ನೆಸ್ಟೊ ಬೆರ್ಟರೆಲ್ಲಿ, ಪ್ರಾಡಾ ಫ್ಯಾಷನ್ ಸಂಸ್ಥೆಯ ಪಟ್ರಿಜಿಯೊ ಬೆರ್ಟೆಲ್ಲಿ, ರಾಸಾಯನಿಕ ಉದ್ಯಮಿ ಜಿಮ್ ರ್‍ಯಾಟ್‌ಕ್ಲಿಫ್ ಮುಂತಾದವರು ನೀರಿನಂತೆ ಹಣ ಚೆಲ್ಲಿದ್ದಾರೆ. ಇಂಥವರ ನಡುವೆ ನಿಂತು, ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ನ್ಯೂಜಿಲೆಂಡ್ 1995ರಿಂದ 2024ರವರೆಗೆ ನಡೆದ ಒಂಬತ್ತು ಅಂತಿಮ ಹಣಾಹಣಿಗಳ ಪೈಕಿ ಎಂಟರಲ್ಲಿ ಕಣಕ್ಕಿಳಿದಿದೆ, ಐದರಲ್ಲಿ ಗೆದ್ದಿದೆ. ಕೊನೆಯ ಮೂರು ಗೆಲುವುಗಳಂತೂ ಸತತ: 2017ರಲ್ಲಿ ಬರ್ಮುಡಾ, 2021ರಲ್ಲಿ ಆಕ್ಲೆಂಡ್, 2024ರಲ್ಲಿ ಬಾರ್ಸಿಲೋನಾ. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಅದು ದ್ವೀಪದೇಶ, ಅಲ್ಲಿನ ಮಕ್ಕಳು ನಡೆಯುವ ಮುಂಚೆ ದೋಣಿ ಹತ್ತುತ್ತಾರೆ ಎಂಬುದು. ಕೇಳಲು ಚೆನ್ನಾಗಿದೆ. ಆದರೆ ದ್ವೀಪವೇ ಕಾರಣವಾಗಿದ್ದರೆ ಬ್ರಿಟನ್ ಈ ಕಪ್ಪನ್ನು ಎಂದೋ ಗೆಲ್ಲಬೇಕಿತ್ತು. 1851ರಿಂದ ಇಂದಿನವರೆಗೆ ಬ್ರಿಟನ್ ಒಮ್ಮೆಯೂ ಗೆದ್ದಿಲ್ಲ. ಸಮುದ್ರವೇ ಇಲ್ಲದ ಸ್ವಿಟ್ಜರ್‌ಲೆಂಡ್ ಎರಡು ಸಲ ಗೆದ್ದಿದೆ.

ಪಂದ್ಯದ ಹಿನ್ನೆಲೆಯನ್ನು ಇಲ್ಲಿ ಚುಟುಕಾಗಿ ಹೇಳಬೇಕು. 1851ರ ಆಗಸ್ಟ್‌ನಲ್ಲಿ ‘ಅಮೆರಿಕ’ ಎಂಬ ಹಾಯಿಹಡಗು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪವನ್ನು ಸುತ್ತುವ ಸ್ಪರ್ಧೆಯಲ್ಲಿ ಬ್ರಿಟಿಷ್ ದೋಣಿಗಳನ್ನು ಸೋಲಿಸಿತು. ಅದರ ಮಾಲೀಕರು ಗೆದ್ದ ಹೂಜಿಯನ್ನು 1857ರಲ್ಲಿ ನ್ಯೂಯಾರ್ಕ್ ಯಾಟ್ ಕ್ಲಬ್ಬಿಗೆ ದಾನಪತ್ರ ಬರೆದುಕೊಟ್ಟರು. ಪರದೇಶಗಳ ನಡುವಿನ ಸೌಹಾರ್ದ ಸ್ಪರ್ಧೆಗೆ ಇದು ಮೀಸಲು ಎಂಬುದು ಷರತ್ತು. 1851ರ ಗೆಲುವಿನಿಂದ ಲೆಕ್ಕ ಹಿಡಿದರೆ 132 ವರ್ಷ ಆ ಕ್ಲಬ್ಬು ಕಪ್ಪನ್ನು ಬಿಟ್ಟುಕೊಡಲಿಲ್ಲ. 1983ರಲ್ಲಿ ಬೆನ್ ಲೆಕ್ಸೆನ್ ವಿನ್ಯಾಸ ಮಾಡಿದ, ಒಡಲಿನಡಿಯ ಭಾರದ ಕೀಲ್‌ಗೆ ರೆಕ್ಕೆ ಜೋಡಿಸಿದ ‘ಆಸ್ಟ್ರೇಲಿಯಾ-2’ ಅದನ್ನು 4-3ರಿಂದ ಕಿತ್ತುಕೊಂಡಿತು. ಮುಂದೆ ತಿದ್ದಿ ಬರೆದ ದಾನಪತ್ರದಲ್ಲಿ ಇನ್ನೊಂದು ಮಾತಿದೆ. ಸವಾಲು ಹಾಕುವ ಕ್ಲಬ್ಬಿನ ದೋಣಿಯನ್ನು ಆ ಕ್ಲಬ್ಬಿನ ದೇಶದಲ್ಲೇ ಕಟ್ಟಿರಬೇಕು. ಅದನ್ನು ನಡೆಸುವವರು ಯಾವ ದೇಶದವರಾಗಿರಬೇಕು ಎಂಬುದಕ್ಕೆ ಕಾಲಕಾಲಕ್ಕೆ ಒಂದೊಂದು ನಿಯಮ ಬಂದಿದೆ, ಹೋಗಿದೆ. ಕಟ್ಟುವ ಜಾಗದ ಮಾತು ಮಾತ್ರ ಆ ಪತ್ರದಲ್ಲೇ ಕೂತಿದೆ. ಹತ್ತೊಂಬತ್ತನೆಯ ಶತಮಾನದ ಶ್ರೀಮಂತರು ಬೇರೆ ಯಾವುದರಲ್ಲಿ ತಪ್ಪಿದ್ದರೂ ಇದರಲ್ಲಿ ತಪ್ಪಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಈ ಕ್ರೀಡೆಯಲ್ಲಿ ಒಂದು ದೇಶದ ತಂಡ ಎಂದರೆ ಆ ದೇಶದ ಷೆಡ್ಡು. ವಿನ್ಯಾಸಕಾರರು, ದೋಣಿ ಕಟ್ಟುವವರು, ಹಾಯಿ ಹೊಲಿಯುವವರು, ನಾವಿಕರು ಒಂದೇ ಸೂರಿನಡಿ ಕೂತು, ಒಂದು ಸೋಲಿನಿಂದ ಮುಂದಿನ ಪಂದ್ಯದವರೆಗೆ ಚದುರದೆ ಉಳಿಯುವ ಜಾಗ. ಚುಕ್ಕಾಣಿ ಹಿಡಿದವನ ಪಾಸ್‌ಪೋರ್ಟಾಗಲಿ ಹಣ ಕೊಟ್ಟವನ ಬಾವುಟವಾಗಲಿ ಇದರಷ್ಟು ಮುಖ್ಯವಲ್ಲ. ನ್ಯೂಜಿಲೆಂಡಿನ ಮೂವತ್ತೆಂಟು ವರ್ಷಗಳ ಏಳುಬೀಳುಗಳನ್ನು ಜೋಡಿಸಿ ನೋಡಿದರೆ ಇದೇ ಕಾಣುತ್ತದೆ.

1987ರಲ್ಲಿ ಫ್ರಿಮ್ಯಾಂಟಲ್‌ಗೆ ಮೊದಲ ಬಾರಿ ಹೋದಾಗಲೇ ಈ ಗುಣ ಕಾಣಿಸಿತ್ತು. ಬೇರೆ ಎಲ್ಲರೂ ಅಲ್ಯೂಮಿನಿಯಂ ದೋಣಿ ತಂದಿದ್ದರೆ, ಬ್ಯಾಂಕರ್ ಮೈಕಲ್ ಫೇ ಅವರ ತಂಡ ಫೈಬರ್‌ಗ್ಲಾಸ್‌ನಲ್ಲಿ ಕಟ್ಟಿದ ‘ಕೆಝಡ್-7’ ತಂದಿತು. ಪತ್ರಿಕೆಗಳು ಅದನ್ನು ಪ್ಲಾಸ್ಟಿಕ್ ದೋಣಿ ಎಂದು ಕರೆದವು. ಮೋಸ ಮಾಡುವ ಉದ್ದೇಶವಿಲ್ಲದಿದ್ದರೆ ಫೈಬರ್‌ಗ್ಲಾಸ್ ಯಾಕೆ ಎಂದು ಅಮೆರಿಕದ ನಾಯಕ ಡೆನಿಸ್ ಕಾನರ್ ಬಹಿರಂಗವಾಗಿ ಕೇಳಿದರು. ದೋಣಿಯ ಮೈಯನ್ನು ಪರೀಕ್ಷಿಸಿದವರಿಗೆ ತಪ್ಪೇನೂ ಸಿಗಲಿಲ್ಲ. ಪಂದ್ಯದ ಮೇಲೆ ಪಂದ್ಯ ಗೆದ್ದ ಆ ದೋಣಿ ಸವಾಲುದಾರರ ಫೈನಲ್‌ನಲ್ಲಿ ಅದೇ ಕಾನರ್‌ಗೆ 4-1ರಿಂದ ಸೋತಿತು. 1988ರಲ್ಲಿ ಫೇ ದಾನಪತ್ರದ ಅಕ್ಷರಗಳನ್ನೇ ಹಿಡಿದು ಒಂದು ಭಾರೀ ದೋಣಿಯೊಂದಿಗೆ ಸವಾಲೆಸೆದರು, ಕಾನರ್ ಎರಡು ಒಡಲಿನ ಕ್ಯಾಟಮರಾನ್ ತಂದು ಅದನ್ನು ಹಿಂದಿಕ್ಕಿದರು, ಜಗಳ ನ್ಯೂಯಾರ್ಕ್ ನ್ಯಾಯಾಲಯಗಳಲ್ಲಿ ಎರಡು ವರ್ಷ ಎಳೆಯಿತು. ಆ ಅಧ್ಯಾಯದಿಂದ ವಕೀಲರಿಗೆ ಲಾಭವಾಯಿತು, ಬೇರೆಯವರಿಗೆ ಆದಂತೆ ಕಾಣುವುದಿಲ್ಲ. 1992ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಮತ್ತೊಂದು ಸೋಲು. ಸೋತವರು ಮನೆಗೆ ಹೋಗಿ ಹೊಸ ಹಣವಂತ ಬರುವವರೆಗೆ ಕಾಯುವುದು ಈ ಪಂದ್ಯದ ರೂಢಿ. ನ್ಯೂಜಿಲೆಂಡಿನಲ್ಲಿ ಹಾಗಾಗಲಿಲ್ಲ. ಪೀಟರ್ ಬ್ಲೇಕ್ ತಂಡದ ಹೊಣೆ ಹೊತ್ತರು, ರಸೆಲ್ ಕೌಟ್ಸ್ ಚುಕ್ಕಾಣಿ ಹಿಡಿದರು, ಎರಡು ದೋಣಿಗಳನ್ನು ಅಕ್ಕಪಕ್ಕ ಓಡಿಸಿ ಕೂದಲೆಳೆಯ ವ್ಯತ್ಯಾಸಗಳನ್ನು ಅಳೆದರು. ಬ್ಲೇಕ್ ಅದೃಷ್ಟಕ್ಕೆಂದು ಕೆಂಪು ಕಾಲುಚೀಲ ಹಾಕುತ್ತಿದ್ದರು. ತಂಡಕ್ಕೆ ದುಡ್ಡು ಕೂಡಿಸಲು ಇಡೀ ದೇಶ ಕೆಂಪು ಕಾಲುಚೀಲ ಕೊಂಡು ಹಾಕಿಕೊಂಡಿತು. 1995ರ ಮೇ ತಿಂಗಳಲ್ಲಿ ‘ಬ್ಲ್ಯಾಕ್ ಮ್ಯಾಜಿಕ್’ ಎಂಬ ಕಪ್ಪು ದೋಣಿ ಅಮೆರಿಕವನ್ನು 5-0ಯಿಂದ ಮಣಿಸಿತು. 2000ದಲ್ಲಿ ಆಕ್ಲೆಂಡಿನ ನೀರಿನಲ್ಲೇ ಇಟಲಿಯ ಲೂನಾ ರೊಸ್ಸಾವನ್ನು ಮತ್ತೆ 5-0ಯಿಂದ ಸೋಲಿಸಿ ಕಪ್ ಉಳಿಸಿಕೊಂಡಿತು. ಅಮೆರಿಕ ಬಿಟ್ಟು ಬೇರೆ ಯಾವ ದೇಶವೂ ಅಲ್ಲಿಯವರೆಗೆ ಕಪ್ಪನ್ನು ಉಳಿಸಿಕೊಂಡಿರಲಿಲ್ಲ.

ಆ ಗೆಲುವಿನ ಬೆನ್ನಿಗೇ ಷೆಡ್ಡು ಒಡೆಯಿತು. ಕೌಟ್ಸ್ ಮತ್ತು ಅವರ ತಂತ್ರಗಾರ ಬ್ರಾಡ್ ಬಟರ್‌ವರ್ತ್ ಬೆರ್ಟರೆಲ್ಲಿ ಕಟ್ಟುತ್ತಿದ್ದ ಸ್ವಿಸ್ ತಂಡ ಅಲಿಂಗಿಗೆ ಹೋದರು. ವಿನ್ಯಾಸಕಾರ ಲಾರಿ ಡೇವಿಡ್ಸನ್ ಸಿಯಾಟಲ್‌ನ ತಂಡ ಸೇರಿದರು. ಆಡಳಿತ ಬಿಟ್ಟಿದ್ದ ಬ್ಲೇಕ್ 2001ರ ಡಿಸೆಂಬರ್‌ನಲ್ಲಿ ಅಮೆಜಾನ್ ನದೀಮುಖದಲ್ಲಿ ದರೋಡೆಕೋರರ ಗುಂಡಿಗೆ ಬಲಿಯಾದರು. 2003ರ ಪಂದ್ಯಕ್ಕೆ ಉಳಿದವರು ‘ಎನ್‌ಝಡ್ಎಲ್-82’ ಎಂಬ ಧೈರ್ಯದ ದೋಣಿ ಕಟ್ಟಿದರು. ಒಡಲಿನ ಹಿಂಬದಿಯ ಅಡಿಗೆ ಇನ್ನೊಂದು ಕವಚ ಜೋಡಿಸಿ ನೀರಿನಲ್ಲಿ ಅದರ ಉದ್ದವನ್ನು ಹೆಚ್ಚಿಸುವ ಯುಕ್ತಿ ಅದರಲ್ಲಿತ್ತು. ಕಾಗದದ ಮೇಲೆ ಅದು ವೇಗದ ದೋಣಿ. ಮೊದಲ ಪಂದ್ಯದಲ್ಲೇ ಅದರೊಳಗೆ ನೀರು ನುಗ್ಗಿತು. ಲಕ್ಷಾಂತರ ಡಾಲರಿನ ಕಾರ್ಬನ್ ಫೈಬರ್ ದೋಣಿಯಿಂದ ನಾವಿಕನೊಬ್ಬ ಬಕೆಟ್ಟಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುವುದನ್ನು ದೇಶ ಟಿವಿಯಲ್ಲಿ ನೋಡಿತು. ನಾಲ್ಕನೆಯ ಪಂದ್ಯದಲ್ಲಿ ಕೂವೆಕಂಬ ಮುರಿಯಿತು. ಫಲಿತಾಂಶ 5-0, ಈ ಸಲ ಎದುರಾಳಿಯ ಕಡೆಗೆ. ಆಗ ಹೋದವರ ಮೇಲೆ ದೇಶದ್ರೋಹದ ಆರೋಪ ಕೇಳಿಬಂತು, ಅವರ ವಿರುದ್ಧ ಪ್ರಚಾರಾಂದೋಲನವೂ ನಡೆಯಿತು. ಕೋಪ ಸಹಜವೇ. ಆದರೆ ಆ ಸೋಲಿನಲ್ಲಿ ಕಾಣೆಯಾಗಿದ್ದು ದೇಶಭಕ್ತಿ ಅಲ್ಲ. ಹೊಸ ಯುಕ್ತಿಯೊಂದು ಬಂದಾಗ ಇದು ಬಿರುಗಾಳಿಯಲ್ಲಿ ತಡೆಯುತ್ತದೆಯೇ ಎಂದು ಕೇಳಿ, ಇಲ್ಲವೆಂದರೆ ಅದನ್ನು ತಡೆಯುವಷ್ಟು ಅಧಿಕಾರವಿದ್ದ ಹಿರಿಯರ ಸಾಲೇ ಅಲ್ಲಿ ಇರಲಿಲ್ಲ.

ಪಾಸ್‌ಪೋರ್ಟಿನ ವಾದವನ್ನು ಇಲ್ಲೇ ತೂಗಿ ನೋಡಬಹುದು. ಕೌಟ್ಸ್ ನ್ಯೂಜಿಲೆಂಡಿಗೆ ಎರಡು ಸಲ, ಸ್ವಿಟ್ಜರ್‌ಲೆಂಡಿಗೆ ಒಂದು ಸಲ ಚುಕ್ಕಾಣಿ ಹಿಡಿದು ಕಪ್ ತಂದರು. ಆಮೇಲೆ ಎಲಿಸನ್ ಅವರ ಅಮೆರಿಕನ್ ತಂಡ ಒರಾಕಲ್‌ನ ಮುಖ್ಯಸ್ಥರಾಗಿ 2010 ಮತ್ತು 2013ರಲ್ಲಿ ಅದನ್ನು ಅಮೆರಿಕಕ್ಕೂ ಗೆದ್ದುಕೊಟ್ಟರು. 2013ರ ಒರಾಕಲ್ ದೋಣಿಯಲ್ಲಿ ಅಮೆರಿಕನ್ನರಿಗಾಗಿ ಹುಡುಕಬೇಕಿತ್ತು. ಅದರ ನಾಯಕ ಜಿಮ್ಮಿ ಸ್ಪಿಟ್‌ಹಿಲ್ ಆಸ್ಟ್ರೇಲಿಯಾದವರು. ನ್ಯೂಜಿಲೆಂಡಿನ ಕಡೆಯೂ ರಕ್ತಶುದ್ಧಿಯ ಮಾತು ನಿಲ್ಲುವುದಿಲ್ಲ. ‘ಬ್ಲ್ಯಾಕ್ ಮ್ಯಾಜಿಕ್’ ವಿನ್ಯಾಸದಲ್ಲಿ ಡೇವಿಡ್ಸನ್ ಜೊತೆಗಿದ್ದ ಡಗ್ ಪೀಟರ್ಸನ್ ಅಮೆರಿಕದವರು. 2017ರ ನಾಯಕ ಗ್ಲೆನ್ ಆಶ್ಬಿ, 2024ರಲ್ಲಿ ಪೀಟರ್ ಬರ್ಲಿಂಗ್ ಜೊತೆ ಚುಕ್ಕಾಣಿ ಹಂಚಿಕೊಂಡ ನೇಥನ್ ಔಟರಿಜ್ ಇಬ್ಬರೂ ಆಸ್ಟ್ರೇಲಿಯನ್ನರು. ಮೂರು ಸತತ ಗೆಲುವುಗಳ ಹಿಂದಿನ ತಾಂತ್ರಿಕ ಮುಖ್ಯಸ್ಥ ಡ್ಯಾನ್ ಬರ್ನಾಸ್ಕೋನಿ ಬ್ರಿಟನ್ನಿನಲ್ಲಿ ಹುಟ್ಟಿ, ಮೆಕ್‌ಲಾರೆನ್ ಫಾರ್ಮುಲಾ ಒನ್ ತಂಡದಲ್ಲಿ ದುಡಿದು ಬಂದವರು. ಆ ಗೆಲುವುಗಳ ಕಾಲದಲ್ಲಿ ತಂಡದ ಹೆಸರಿನ ಮೊದಲ ಪದವೇ ದುಬೈನ ವಿಮಾನ ಸಂಸ್ಥೆಯದಾಗಿತ್ತು. ಹಾಗಾದರೆ ಇದು ಐಪಿಎಲ್ ಫ್ರಾಂಚೈಸಿಯಂತೆ ಊರಿನ ಹೆಸರು ಹೊತ್ತ ಖಾಸಗಿ ತಂಡವಲ್ಲವೇ, ಬೆಂಗಳೂರು ತಂಡದಲ್ಲಿ ಬೆಂಗಳೂರಿನವರೆಷ್ಟು ಎಂದು ಕೇಳಿದ ಹಾಗೆ ಇಲ್ಲೂ ಕೇಳಬಹುದಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಹೋಲಿಕೆ ಅರ್ಧ ಸರಿ. ಕ್ರಿಕೆಟ್‌ನಲ್ಲಿ ಬ್ಯಾಟು ಅಂಗಡಿಯಲ್ಲಿ ಸಿಗುತ್ತದೆ, ಹರಾಜಿನಲ್ಲಿ ಆಟಗಾರರನ್ನು ಕೊಂಡರೆ ತಂಡ ಸಿದ್ಧ. ಇಲ್ಲಿ ಪಂದ್ಯ ಗೆಲ್ಲುವ ವಸ್ತು ಯಾವ ಅಂಗಡಿಯಲ್ಲೂ ಇಲ್ಲ. ಅದನ್ನು ಮೂರು ನಾಲ್ಕು ವರ್ಷ ಕೂತು ಕಟ್ಟಬೇಕು. ಬರ್ನಾಸ್ಕೋನಿ, ಆಶ್ಬಿಯಂಥವರು ಆಕ್ಲೆಂಡಿಗೆ ಬಂದು, ಅಲ್ಲಿನ ಷೆಡ್ಡಿನಲ್ಲಿ ವರ್ಷಗಟ್ಟಲೆ ಬೆರೆತು ಹೋದವರು. ಹೊರಗಿನವರು ಬರುವುದರಿಂದ ಷೆಡ್ಡು ದುರ್ಬಲವಾಗುವುದಿಲ್ಲ, ಒಳಗಿನವರು ಗುಂಪಾಗಿ ಹೊರಟಾಗ ಆಗುತ್ತದೆ.

ಒಲಿಂಪಿಕ್ ಹಾಯಿಸ್ಪರ್ಧೆಯನ್ನು ಪಕ್ಕದಲ್ಲಿಟ್ಟರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಬರ್ಲಿಂಗ್ ಮತ್ತು ಬ್ಲೇರ್ ಟ್ಯೂಕ್ ಜೋಡಿ 49er ಎಂಬ ಇಬ್ಬರ ದೋಣಿಯ ವರ್ಗದಲ್ಲಿ ರಿಯೊ ಒಲಿಂಪಿಕ್ಸ್‌ನ ಚಿನ್ನ, ಲಂಡನ್ ಮತ್ತು ಟೋಕಿಯೊದ ಬೆಳ್ಳಿ ಗೆದ್ದಿದೆ. ಟೋಕಿಯೊದಲ್ಲಿ ಅದೇ ವರ್ಗದಲ್ಲಿ ಭಾರತದ ಪರ ಇಳಿದವರು ವರುಣ್ ಠಕ್ಕರ್ ಮತ್ತು ಕೊಡವ ಮನೆತನದ ಹೆಸರಿನ, ಚೆನ್ನೈನಲ್ಲಿ ಪಳಗಿದ ಕೇಳಪಂಡ ಚೆಂಗಪ್ಪ ಗಣಪತಿ; ಅವರಿಗೆ 17ನೆಯ ಸ್ಥಾನ ಸಿಕ್ಕಿತು. ಬರ್ಲಿಂಗ್ ಓಡಿಸಿದ ದೋಣಿಗೂ ಗಣಪತಿ ಓಡಿಸಿದ ದೋಣಿಗೂ ಅಳತೆಯಲ್ಲಿ ವ್ಯತ್ಯಾಸವಿಲ್ಲ, ನಿಯಮವೇ ಹಾಗೆ. ಅಲ್ಲಿ ಪರೀಕ್ಷೆಗೆ ನಿಲ್ಲುವುದು ನಾವಿಕರ ಕೈ ಮತ್ತು ಕಣ್ಣು. ಅಮೆರಿಕಾಸ್ ಕಪ್‌ನಲ್ಲಿ ನಿಯಮಗಳು ಒಂದು ಚೌಕಟ್ಟು ಹಾಕುತ್ತವೆ. ಚೌಕಟ್ಟಿನೊಳಗೆ ಏನು ಹೊಳೆಯಿತು, ಹೊಳೆದದ್ದನ್ನು ಯಾರು ಗಟ್ಟಿಯಾಗಿ ಕಟ್ಟಿದರು ಎಂಬುದೇ ಸ್ಪರ್ಧೆ. ಒಲಿಂಪಿಕ್ ಪದಕಗಳ ಪಟ್ಟಿ ನೋಡಿ ಅಮೆರಿಕಾಸ್ ಕಪ್ಪಿನ ಫಲಿತಾಂಶ ಊಹಿಸಲು ಹೋದವರು ಅನೇಕ ಸಲ ಮುಗ್ಗರಿಸಿದ್ದು ಇದೇ ಕಾರಣಕ್ಕೆ. ಬೆನ್ ಐನ್ಸ್ಲಿಗಿಂತ ಹೆಚ್ಚು ಪದಕ ಗೆದ್ದ ಒಲಿಂಪಿಕ್ ನಾವಿಕ ಬ್ರಿಟನ್ನಿನಲ್ಲಿ ಬೇರೆ ಇಲ್ಲ, ಆದರೂ ಆ ಪದಕಗಳು ಬ್ರಿಟನ್ನಿಗೆ ಕಪ್ ತಂದುಕೊಡಲಿಲ್ಲ.

2003ರ ಅವಮಾನದ ನಂತರ ತಂಡದ ಹೊಣೆ ಹೊತ್ತ ಗ್ರಾಂಟ್ ಡಾಲ್ಟನ್ ಒರಟು ಮಾತಿನ ಮನುಷ್ಯ. ಅವರನ್ನು ಮೆಚ್ಚುವವರಷ್ಟೇ ಜನ ಬೈಯುವವರೂ ಇದ್ದಾರೆ. ಆದರೆ ಅವರು ಮಾಡಿದ ಒಂದು ಕೆಲಸವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಸೋತ ಮೇಲೂ ಜನರನ್ನು ಸಂಬಳದ ಮೇಲೆ ಉಳಿಸಿಕೊಂಡರು. 2007ರಲ್ಲಿ ವೆಲೆನ್ಸಿಯಾದಲ್ಲಿ ಅಲಿಂಗಿಗೆ 5-2ರಿಂದ ಸೋತರು. 2010ರಲ್ಲಿ ಎಲಿಸನ್ ಮತ್ತು ಬೆರ್ಟರೆಲ್ಲಿ ಕೋರ್ಟು ಹತ್ತಿ ತಮ್ಮಿಬ್ಬರಿಗೇ ಪಂದ್ಯ ಮಾಡಿಕೊಂಡಾಗ ಹೊರಗುಳಿದರು. ಆದರೂ ಷೆಡ್ಡು ಮುಚ್ಚಲಿಲ್ಲ. 2013ರ ಪಂದ್ಯಕ್ಕೆ ಒರಾಕಲ್ ಬರೆಸಿದ ನಿಯಮದಲ್ಲಿ 72 ಅಡಿಯ ಕ್ಯಾಟಮರಾನ್ ಇತ್ತು. ಆ ದೋಣಿ ನೀರು ಬಿಟ್ಟು ಮೇಲೇಳಬಾರದೆಂಬುದು ನಿಯಮದ ಆಶಯ. ನೀರಿನಡಿಯ ರೆಕ್ಕೆಗಳನ್ನು ವಿಮಾನದಂತೆ ಆಗಾಗ ತಿರುಗಿಸಿ ಎತ್ತರ ಕಾಯುವುದನ್ನು ಅದು ಕಟ್ಟುನಿಟ್ಟಾಗಿ ತಡೆದಿತ್ತು. ಆಕ್ಲೆಂಡಿನ ವಿನ್ಯಾಸಕಾರರು ದೋಣಿಯ ಬದಿಯಿಂದ ಇಳಿಯುವ ಹಲಗೆಗೆ ಒಳಮುಖವಾಗಿ ಬಾಗಿದ ರೂಪ ಕೊಟ್ಟು, ದೋಣಿ ಹೆಚ್ಚು ಮೇಲೆದ್ದರೆ ತಾನಾಗಿ ಕೆಳಗಿಳಿಯುವ ಸಮತೋಲನ ಕಂಡುಕೊಂಡರು. ಅದನ್ನು ಮೊದಲು 33 ಅಡಿಯ ಚಿಕ್ಕ ಕ್ಯಾಟಮರಾನ್‌ಗಳಲ್ಲಿ ಪ್ರಯೋಗಿಸಿದರು. 2012ರಲ್ಲಿ ದೊಡ್ಡ ದೋಣಿ ನೀರಿನಿಂದ ಪೂರ್ತಿ ಮೇಲೆದ್ದು ಹಾರುವ ಚಿತ್ರಗಳು ಹೊರಬಿದ್ದಾಗ ಈ ಕ್ರೀಡೆಯ ಚರಿತ್ರೆಯೇ ಎರಡು ಹೋಳಾಯಿತು.

ಆದರೂ ಸೋತರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನ್ಯೂಜಿಲೆಂಡ್ 8-1ರ ಮುನ್ನಡೆಯಲ್ಲಿತ್ತು, ಇನ್ನೊಂದೇ ಪಂದ್ಯ ಬೇಕಿತ್ತು. ಹಿಂದಿನ ಚಿಕ್ಕ ದೋಣಿಗಳಲ್ಲಿ ಅಕ್ರಮ ತೂಕ ಇಟ್ಟದ್ದಕ್ಕೆ ಒರಾಕಲ್ ಎರಡು ಅಂಕಗಳ ದಂಡದೊಂದಿಗೇ ಶುರು ಮಾಡಿತ್ತು. ಸೆಪ್ಟೆಂಬರ್ 20ರಂದು ಗಾಳಿ ಸಪ್ಪೆಯಾಗಿತ್ತು. ನ್ಯೂಜಿಲೆಂಡ್ ಬಹಳ ಮುಂದಿತ್ತು, ಗೆಲುವಿನ ಗುರುತು ಕಣ್ಣಳತೆಯಲ್ಲಿತ್ತು. ನಲವತ್ತು ನಿಮಿಷಗಳ ಗಡುವು ಮುಗಿದು ಪಂದ್ಯ ರದ್ದಾಯಿತು. ಅಲ್ಲಿಂದ ಮುಂದೆ ಒರಾಕಲ್ ಒಂದೂ ಪಂದ್ಯ ಬಿಡದೆ 9-8ರಿಂದ ಕಪ್ ಉಳಿಸಿಕೊಂಡಿತು. ಗಾಳಿಯನ್ನು ದೂರುವವರು ಇವತ್ತೂ ಇದ್ದಾರೆ. ಅವರಿಗೆ ಉತ್ತರ ಒರಾಕಲ್‌ನ ದಡದಲ್ಲಿದೆ. ಅವರ ದಡದ ಸಿಬ್ಬಂದಿ ರಾತ್ರಿಯೆಲ್ಲ ಕೂತು ದೋಣಿಯ ಸಣ್ಣಪುಟ್ಟ ಅಂಗಗಳನ್ನು ಬದಲಿಸುತ್ತ ಹೋದರು. ತಂತ್ರಗಾರನ ಜಾಗಕ್ಕೆ ಐನ್ಸ್ಲಿ ಬಂದರು. ಗಾಳಿಗೆದುರಾಗಿ ಸಾಗುವಾಗಲೂ ದೋಣಿಯನ್ನು ಮೇಲೇಳಿಸುವುದನ್ನು ಪಂದ್ಯ ನಡೆಯುತ್ತಿದ್ದಂತೆಯೇ ಕಲಿತರು. ನ್ಯೂಜಿಲೆಂಡ್ ಕಂಡುಹಿಡಿದ ವಿದ್ಯೆಯನ್ನು ಎದುರಾಳಿ ಎರಡು ವಾರದಲ್ಲಿ ಅರಗಿಸಿಕೊಂಡ. ಎದುರಾಳಿಗೆ ಕಾಣುವಂಥ ವಿದ್ಯೆ ಬಹಳ ದಿನ ಬಾಳುವುದಿಲ್ಲ ಎಂಬ ಪಾಠವನ್ನು ಆಕ್ಲೆಂಡಿನ ಷೆಡ್ಡು ಅಲ್ಲಿ ಕಲಿತಿರಬೇಕು. ಮುಂದಿನ ನಾಲ್ಕು ವರ್ಷ ಅದು ನಡೆದುಕೊಂಡ ರೀತಿಯಿಂದ ಹಾಗೆ ಊಹಿಸಬಹುದು.

ಆ ನಾಲ್ಕು ವರ್ಷಗಳಲ್ಲಿ ತಂಡ ಮುಳುಗುವ ಹಂತಕ್ಕೆ ಬಂದಿತ್ತು. 2015ರಲ್ಲಿ ಅರ್ಹತಾ ಪಂದ್ಯಗಳು ಆಕ್ಲೆಂಡಿನ ಕೈತಪ್ಪಿದವು, ಅದನ್ನೇ ನಂಬಿದ್ದ ಸರ್ಕಾರದ ನೆರವೂ ನಿಂತಿತು. ದಶಕದಿಂದ ಚುಕ್ಕಾಣಿ ಹಿಡಿದಿದ್ದ ಡೀನ್ ಬಾರ್ಕರ್ ಅವರನ್ನು ಕೈಬಿಟ್ಟು ಇಪ್ಪತ್ತರ ಹರೆಯದ ಬರ್ಲಿಂಗ್‌ಗೆ ಜಾಗ ಕೊಟ್ಟಾಗ ದೇಶದಲ್ಲಿ ಅಸಮಾಧಾನವೆದ್ದಿತು. ಬರ್ಮುಡಾಕ್ಕೆ ಎಲ್ಲರಿಗಿಂತ ಕೊನೆಗೆ ಬಂದವರು ಇವರೇ. ಆದರೆ ದೋಣಿಯಲ್ಲಿ ಬೇರೆ ಯಾರೂ ತರದ ಒಂದು ಸಂಗತಿಯಿತ್ತು. ಹಾಯಿ, ಹಲಗೆಗಳನ್ನು ಆಡಿಸುವ ತೈಲದ ಒತ್ತಡವನ್ನು ಎಲ್ಲ ತಂಡಗಳೂ ತೋಳಿನಿಂದ ತಿರುಗಿಸುವ ಹಿಡಿಕೆಗಳಿಂದ ಹುಟ್ಟಿಸುತ್ತಿದ್ದವು. ನ್ಯೂಜಿಲೆಂಡಿನವರು ಸೈಕಲ್ ಪೆಡಲುಗಳನ್ನು ಕೂಡಿಸಿದರು. ಕಾಲಿಗೆ ತೋಳಿಗಿಂತ ಬಲ ಹೆಚ್ಚು, ಕೈಗಳೂ ಬಿಡುವಾಗುತ್ತವೆ. ಲಂಡನ್ ಒಲಿಂಪಿಕ್ಸ್‌ನಲ್ಲಿ ಸೈಕ್ಲಿಂಗ್ ಕಂಚು ಗೆದ್ದಿದ್ದ ಸೈಮನ್ ವಾನ್ ವೆಲ್ತೋವೆನ್ ಪೆಡಲು ತುಳಿಯುವವರಲ್ಲಿ ಒಬ್ಬರು. ಕೇಳಿದರೆ ಸರಳ ಉಪಾಯ, ಬೇರೆಯವರಿಗೂ ಹೊಳೆದಿರಬಹುದು. ಆದರೆ ಪೆಡಲು ಇಡಬೇಕಾದರೆ ದೋಣಿಯೊಳಗಿನ ಜಾಗ, ಪೈಪುಗಳು, ಯಾರು ಯಾವ ಕೆಲಸ ಮಾಡಬೇಕೆಂಬ ಹಂಚಿಕೆ ಎಲ್ಲವನ್ನೂ ಮೊದಲಿನಿಂದ ಬೇರೆ ಥರ ಯೋಚಿಸಬೇಕು. ಹೆಚ್ಚಿನ ಒತ್ತಡ ಸಿಕ್ಕಿದ್ದರಿಂದಲೇ ಆಶ್ಬಿ ಆಟದ ಯಂತ್ರದ ಗುಂಡಿಗಳಂಥ ಒಂದು ಪುಟ್ಟ ನಿಯಂತ್ರಕವನ್ನು ಕೈಯಲ್ಲಿ ಹಿಡಿದು ವಿಮಾನದ ರೆಕ್ಕೆಯಂಥ ಇಡೀ ಹಾಯಿಯನ್ನು ಆಡಿಸಬಹುದಾಯಿತು. 2017ರ ಫೆಬ್ರುವರಿಯವರೆಗೆ ಈ ಗುಟ್ಟು ಷೆಡ್ಡಿನಿಂದ ಹೊರಬರಲಿಲ್ಲ. ಗೊತ್ತಾದ ಮೇಲೆ ಎದುರಾಳಿಗಳಿಗೆ ಪೂರ್ತಿ ಬದಲಾಯಿಸುವಷ್ಟು ಹೊತ್ತು ಉಳಿದಿರಲಿಲ್ಲ. ಸೆಮಿಫೈನಲ್‌ನಲ್ಲಿ ಐನ್ಸ್ಲಿಯ ಬ್ರಿಟಿಷ್ ತಂಡದೆದುರು ಹೊರಡುವಾಗಲೇ ದೋಣಿ ಮೂತಿ ಮುಂದಾಗಿ ಮಗುಚಿ, ಪೆಡಲುಗಾರರು ಎತ್ತರದಿಂದ ನೀರಿಗೆ ಬಿದ್ದರು. ಮುರಿದ ದೋಣಿಯನ್ನು ದಡದವರು ದುರಸ್ತಿ ಮಾಡಿ ಮತ್ತೆ ನೀರಿಗಿಳಿಸಿದರು. 2003ರ ಬಕೆಟ್ಟಿನ ದೋಣಿಗೂ ಇದಕ್ಕೂ ಇರುವ ಅಂತರವನ್ನು ನಾನು ಆ ದುರಸ್ತಿಯಲ್ಲಿ ಅಳೆಯುತ್ತೇನೆ. ಅಂತಿಮ ಫಲಿತಾಂಶ, ಒರಾಕಲ್ ವಿರುದ್ಧ 7-1.

ಗೆದ್ದವರೇ ಮುಂದಿನ ನಿಯಮ ಬರೆಯುವ ಪಂದ್ಯದಲ್ಲಿ ಗೆಲುವಿನ ಮೇಲೆ ಗೆಲುವು ಬರುವುದು ಸಹಜವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ನ್ಯೂಯಾರ್ಕಿನ 132 ವರ್ಷಗಳಲ್ಲಿ ಒಂದು ಪಾಲು ಇದಕ್ಕೇ ಸೇರಬೇಕು. 2021ರಿಂದ ಓಡುತ್ತಿರುವ ಎಸಿ-75 ಎಂಬ ದೋಣಿವರ್ಗದ ಕಲ್ಪನೆಯೂ ನ್ಯೂಜಿಲೆಂಡಿನ ವಿನ್ಯಾಸಕಾರರದೇ. 75 ಅಡಿಯ ಒಂದೇ ಒಡಲು, ಭಾರದ ಕೀಲ್ ಇಲ್ಲ, ಎರಡು ಬದಿಗೆ ಜೇಡದ ಕಾಲಿನಂತೆ ಇಳಿಯುವ ರೆಕ್ಕೆಗಳು, 50 ನಾಟ್ ದಾಟುವ ವೇಗ. ಆ ಚಿತ್ರ ಬರೆದವರಿಗೆ ಅದರ ಗುಣದೋಷ ಬೇರೆಯವರಿಗಿಂತ ಮೊದಲೇ ತಿಳಿದಿರುತ್ತದೆ. ಈ ಅನುಕೂಲವನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ನಿಯಮ ಬರೆಯುವ ಕೈಯೇ ಗೆಲ್ಲಿಸುವುದಾದರೆ 2003ರಲ್ಲಿ ಕಪ್ ಕೈಯಲ್ಲಿಟ್ಟುಕೊಂಡು ನ್ಯೂಜಿಲೆಂಡ್ 5-0ಯಿಂದ ಸೋಲಬಾರದಿತ್ತು. 2017ರಲ್ಲಿ ನಿಯಮ ಬರೆದ ಒರಾಕಲ್ ಒಂದು ಅಂಕದ ಮುನ್ನಡೆಯೊಂದಿಗೇ ಅಂತಿಮಕ್ಕೆ ಬಂದಿತ್ತು. ಸೋತು ಆ ತಂಡವೇ ಇಲ್ಲವಾಯಿತು. ಹಣವಂತ ಬೇಸರಗೊಂಡು ಎದ್ದುಹೋದರೆ ಅಂಥ ತಂಡಗಳು ಚದುರುತ್ತವೆ. ಆಕ್ಲೆಂಡಿನದು ಸೋತಾಗಲೂ ಉಳಿದಿತ್ತು.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಜೊತೆಗಿದ್ದರೆ ಸಾಕು ಎನ್ನುವುದಾದರೆ ಕಾಲು ಶತಮಾನದಿಂದ ಒಂದೇ ಹೆಸರು, ಒಬ್ಬನೇ ಪೋಷಕ ಬೆರ್ಟೆಲ್ಲಿಯೊಂದಿಗೆ ಸ್ಪರ್ಧಿಸುತ್ತಿರುವ ಲೂನಾ ರೊಸ್ಸಾ ಯಾಕೆ ಗೆದ್ದಿಲ್ಲ? ಹೆಸರು ಒಂದೇ ಇದ್ದರೂ ಕೊಂಡಿ ಒಂದೇ ಅಲ್ಲ ಎಂಬುದು ನನ್ನ ಉತ್ತರ. 2015ರಲ್ಲಿ ದೋಣಿಯ ವರ್ಗ ಬದಲಿಸಿದ್ದಕ್ಕೆ ಸಿಟ್ಟಾಗಿ ಬೆರ್ಟೆಲ್ಲಿ ತಂಡವನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ನೆರವು, ಅವರ ಕೆಲವು ಜನ ನ್ಯೂಜಿಲೆಂಡಿನ ಪಾಲಾಯಿತು, 2017ರ ಗೆಲುವಿಗೆ ಅದೂ ಒದಗಿತು. ಮರಳಿ ಬಂದ ಲೂನಾ ರೊಸ್ಸಾ 2021ರಲ್ಲಿ ಅಂತಿಮ ತಲುಪಿ 7-3ರಿಂದ ಸೋತಿತು, ಅದು ದುರ್ಬಲ ತಂಡದ ಫಲಿತಾಂಶವಲ್ಲ. ಬ್ರಿಟನ್ನಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ಐನ್ಸ್ಲಿ 2014ರಲ್ಲಿ ಕಟ್ಟಿದ ತಂಡ ಮೊದಲೆರಡು ಸಲ ಎಡವಿ, ಹತ್ತು ವರ್ಷ ಒಟ್ಟಿಗೇ ಉಳಿದು, ಫಾರ್ಮುಲಾ ಒನ್‌ನ ಮರ್ಸಿಡಿಸ್ ತಂತ್ರಜ್ಞರ ಜೊತೆ ಸೇರಿ 2024ರಲ್ಲಿ ಅಂತಿಮಕ್ಕೆ ಬಂತು. 1964ರ ನಂತರ ಬ್ರಿಟನ್ ಅಂತಿಮಕ್ಕೆ ಬಂದದ್ದು ಅದೇ ಮೊದಲು. ಬಾರ್ಸಿಲೋನಾದಲ್ಲಿ ನ್ಯೂಜಿಲೆಂಡಿನ ‘ತೈಹೊರೊ’ ಅದನ್ನು 7-2ರಿಂದ ಸೋಲಿಸಿತು. ಕೆಲವೇ ತಿಂಗಳುಗಳಲ್ಲಿ ಐನ್ಸ್ಲಿ ಮತ್ತು ತಂಡಕ್ಕೆ ಹಣ ಹಾಕಿದ್ದ ರ್‍ಯಾಟ್‌ಕ್ಲಿಫ್ ಬೇರೆಯಾದರು. ಹತ್ತಿರ ಬಂದ ಹೊತ್ತಿನಲ್ಲೇ ಮನೆ ಮುರಿದುಕೊಳ್ಳುವುದು ಬ್ರಿಟನ್ನಿನ ಹಳೆಯ ಚಾಳಿ.

ಇನ್ನು ಸಾರ್ವಜನಿಕ ಹಣದ ಮಾತು. ನ್ಯೂಜಿಲೆಂಡ್ ಸರ್ಕಾರ 2013ರ ತಂಡಕ್ಕೆ 3.6 ಕೋಟಿ ನ್ಯೂಜಿಲೆಂಡ್ ಡಾಲರ್ ಕೊಟ್ಟಿತ್ತು. 2021ರ ಪಂದ್ಯಕ್ಕಾಗಿ ಸರ್ಕಾರವೂ ಆಕ್ಲೆಂಡ್ ನಗರಾಡಳಿತವೂ ಸೇರಿ ಬಂದರಿನ ದಂಡೆ, ತಂಡಗಳ ನೆಲೆಗಳಿಗೆ ಅದಕ್ಕಿಂತ ಎಷ್ಟೋ ಪಟ್ಟು ಸುರಿದವು. ಕೊರೊನಾ ಕಾಲದಲ್ಲಿ ಗಡಿ ಮುಚ್ಚಿತ್ತು, ಬರಬೇಕಿದ್ದ ವಿದೇಶಿ ಪ್ರವಾಸಿಗರು ಬರಲಿಲ್ಲ. ಪಂದ್ಯ ಮುಗಿದ ಮೇಲೆ ಅಧಿಕೃತ ಮೌಲ್ಯಮಾಪನವೇ ಹಾಕಿದಷ್ಟು ಮರಳಲಿಲ್ಲವೆಂದು ಹೇಳಿತು. ಮುಂದಿನ ಪಂದ್ಯವನ್ನೂ ಊರಲ್ಲೇ ಉಳಿಸಲು ಸರ್ಕಾರ ನಗದು, ಸೌಲಭ್ಯ ಎಲ್ಲ ಸೇರಿ 9.9 ಕೋಟಿ ಡಾಲರಿನ ಕೊಡುಗೆ ಮುಂದಿಟ್ಟಿತು. ಡಾಲ್ಟನ್ ಸಾಲದೆಂದು ತಿರಸ್ಕರಿಸಿ 2022ರಲ್ಲಿ ಬಾರ್ಸಿಲೋನಾದ ಹೆಸರು ಹೇಳಿದರು. ಕೆಂಪು ಕಾಲುಚೀಲ ಕೊಂಡವರ ದೇಶದಲ್ಲಿ ಇದು ದ್ರೋಹದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ತೆರಿಗೆ ಕಟ್ಟಿದವನು ದಂಡೆಯಲ್ಲಿ ನಿಂತು ನೋಡುವ ಹಕ್ಕು ಕೇಳಿದರೆ ಅದು ಅತಿಯಾಸೆಯಲ್ಲ. ಆದರೂ ಈ ತರ್ಕದಲ್ಲಿ ಎರಡು ಬೇರೆ ಖರ್ಚುಗಳು ಕಲಸಿಹೋಗಿವೆ. ದಂಡೆ ಕಟ್ಟುವುದು ಜಾತ್ರೆಯ ಖರ್ಚು, ಷೆಡ್ಡು ನಡೆಸುವುದು ವಿದ್ಯೆಯ ಖರ್ಚು. ಜಾತ್ರೆ ಬೇರೆ ಊರಿಗೆ ಹೋಯಿತು, ಆ ಊರು ಕೊಟ್ಟ ಹಣದಲ್ಲಿ ಆಕ್ಲೆಂಡಿನ ಷೆಡ್ಡಿನಲ್ಲಿ ‘ತೈಹೊರೊ’ ಹುಟ್ಟಿತು. ಕೂವೆಕಂಬ, ಹಾಯಿ, ಕಾರ್ಬನ್ ಕೆಲಸದ ಕಸುಬುದಾರರಿಗೆ ಆಕ್ಲೆಂಡಿನಲ್ಲೇ ಸಂಬಳ ಸಿಕ್ಕಿತು. ಊರಿನಲ್ಲಿ ವಿದ್ಯೆ ಉಳಿಸಿಕೊಳ್ಳಲು ಪಂದ್ಯವನ್ನೇ ಪರದೇಶಕ್ಕೆ ಮಾರಬೇಕಾಗಿ ಬಂದದ್ದು ವಿಪರ್ಯಾಸವೇ ಸರಿ. ಡಾಲ್ಟನ್ ಆಯ್ಕೆ ದೋಣಿಯ ಮಟ್ಟಿಗೆ ಸರಿ, ಜನರ ಮಟ್ಟಿಗೆ ಅದರ ಬೆಲೆಯನ್ನು ಅವರು ಕಡಿಮೆ ಅಂದಾಜು ಮಾಡಿದರು ಎಂದು ನನ್ನ ಅಭಿಪ್ರಾಯ. ದೋಣಿಯನ್ನು ಕಣ್ಣಾರೆ ಕಾಣದ ಊರಿನ ಮಕ್ಕಳಲ್ಲಿ ಮುಂದಿನ ಕಸುಬುದಾರರು ಎಷ್ಟು ಜನ ಹುಟ್ಟುತ್ತಾರೆ ಎಂಬ ಲೆಕ್ಕ ಯಾವ ಮೌಲ್ಯಮಾಪನದಲ್ಲೂ ಬರುವುದಿಲ್ಲ.

ಗಣಕಯಂತ್ರದ ಕಾಲದಲ್ಲಿ ಷೆಡ್ಡಿನ ಮಾತೇ ಹಳತಲ್ಲವೇ ಎನ್ನುವವರೂ ಉಂಟು. ವಿನ್ಯಾಸ ಈಗ ಸಿಮ್ಯುಲೇಟರಿನಲ್ಲಿ ನಡೆಯುತ್ತದೆ. 2021ರ ದೋಣಿಗಾಗಿ ಸಿಮ್ಯುಲೇಟರಿನಲ್ಲಿ ದೋಣಿ ನಡೆಸಲು ಕೃತಕ ಬುದ್ಧಿಮತ್ತೆಯ ನಾವಿಕನನ್ನೇ ಪಳಗಿಸಿ, ನೂರಾರು ರೆಕ್ಕೆ ವಿನ್ಯಾಸಗಳನ್ನು ಹಗಲುರಾತ್ರಿ ಪರೀಕ್ಷಿಸಿದರು. ಆದರೆ ಆ ಯಂತ್ರನಾವಿಕನಿಗೆ ಪಾಠ ಹೇಳಿದ್ದು ಬರ್ಲಿಂಗ್ ಜೊತೆಗಾರರ ಅನುಭವ. ಯಂತ್ರ ವೇಗವೆಂದು ಹೇಳಿದ ರೆಕ್ಕೆ ತಿರುವಿನಲ್ಲಿ ಕೈಗೆ ಸಿಗುತ್ತದೆಯೇ ಎಂದು ನಾವಿಕ ಹೇಳಬೇಕು, ಪಕ್ಕದ ಮೇಜಿನ ವಿನ್ಯಾಸಕಾರ ಅದನ್ನು ನಂಬಬೇಕು. ಆ ನಂಬಿಕೆಯನ್ನು ಪರವಾನಗಿಯಂತೆ ದುಡ್ಡು ಕೊಟ್ಟು ಕೊಳ್ಳಲಾಗದು.

ಈಗ ಆ ಷೆಡ್ಡಿಗೆ ಹೊಸ ಥರದ ಪರೀಕ್ಷೆ ಬಂದಿದೆ. 2027ರ ಪಂದ್ಯ ಇಟಲಿಯ ನೇಪಲ್ಸ್‌ನಲ್ಲಿ. ಕಪ್ಪನ್ನು ನಡೆಸುವ ಅಧಿಕಾರವನ್ನು ಗೆದ್ದವರು ಒಬ್ಬರೇ ಇಟ್ಟುಕೊಳ್ಳದೆ ತಂಡಗಳ ಜಂಟಿ ಸಂಸ್ಥೆಗೆ ಒಪ್ಪಿಸಿದ್ದಾರೆ, ಎರಡು ವರ್ಷಕ್ಕೊಮ್ಮೆ ಪಂದ್ಯ ನಡೆಸುವ ಮಾತಾಗಿದೆ. ಖರ್ಚಿಗೆ 7.5 ಕೋಟಿ ಯೂರೊ ಮಿತಿ ಬಂದಿದೆ. ಹೊಸ ಒಡಲು ಕಟ್ಟುವಂತಿಲ್ಲ, ಹಳೆಯದನ್ನೇ ಬಳಸಬೇಕು. ಪೆಡಲುಗಾರರ ಜಾಗಕ್ಕೆ ಬ್ಯಾಟರಿ ಬರುತ್ತದೆ. ಖರ್ಚಿನ ಮಿತಿ ನ್ಯೂಜಿಲೆಂಡಿಗೆ ಒಳ್ಳೆಯದು, ಹಣದಿಂದ ಅವರನ್ನು ಹಿಂದಿಕ್ಕುವುದು ಇನ್ನು ಕಷ್ಟ. ಎರಡು ವರ್ಷದ ಗಡಿಬಿಡಿ ಒಳ್ಳೆಯದಲ್ಲ. ಪೆಡಲಿನಂಥ ಉಪಾಯ ಮಾಗಲು ಸಮಯ ಬೇಕು, ಗುಟ್ಟಾಗಿಡಲು ಬಿಡುವು ಬೇಕು. ಲೀಗ್ ಆದಷ್ಟೂ ದೋಣಿಗಳು ಒಂದನ್ನೊಂದು ಹೋಲತೊಡಗುತ್ತವೆ, ಆಗ ಷೆಡ್ಡಿಗಿಂತ ನಾವಿಕನ ಬೆಲೆ ಏರುತ್ತದೆ. 2025ರಲ್ಲಿ ಬರ್ಲಿಂಗ್ ತಂಡ ಬಿಟ್ಟು ಲೂನಾ ರೊಸ್ಸಾ ಸೇರಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು; ಟ್ಯೂಕ್ ಕೂಡ ಹೊರನಡೆದರು. 2000ದ ವಲಸೆಯನ್ನು ಇದು ನೆನಪಿಸುವುದು ನಿಜ. ಆದರೆ ಆಗ ನಾವಿಕರ ಬೆನ್ನಿಗೆ ವಿನ್ಯಾಸಕಾರರೂ ಹೊರಟಿದ್ದರು, ಈ ಸಲ ಹಾಗಾಗಿಲ್ಲ. ಚುಕ್ಕಾಣಿ ಔಟರಿಜ್ ಕೈಯಲ್ಲಿದೆ, ಬರ್ನಾಸ್ಕೋನಿಯ ತಲೆಮಾರು ಕಟ್ಟಿದ ವಿನ್ಯಾಸಪಡೆ ಆಕ್ಲೆಂಡಿನಲ್ಲೇ ಇದೆ. ಮೂರು ಕಪ್ ಗೆದ್ದ ಕೈ ಇಟಲಿಯ ದೋಣಿಯಲ್ಲಿ, ಆ ಮೂರೂ ದೋಣಿಗಳನ್ನು ಕಟ್ಟಿದ ಷೆಡ್ಡು ಎದುರಿನಲ್ಲಿ. ಇಲ್ಲಿ ಮಂಡಿಸಿದ ವಾದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ಸಿಗುವುದಿಲ್ಲ. ನೇಪಲ್ಸ್‌ನಲ್ಲಿ ಬರ್ಲಿಂಗ್ ನಿಚ್ಚಳವಾಗಿ ಗೆದ್ದರೆ ಈ ವಾದದ ಬಹುಪಾಲನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ.